ಒಂದೇ ಲೆಕ್ಕ, ಅರವತ್ತು ಅವತಾರ

2020ರ ಲಾಕ್‌ಡೌನ್‌ನಲ್ಲಿ ನಾನು ಕೊಟ್ಟ ಮೊದಲ ಆನ್‌ಲೈನ್ ಟೆಸ್ಟ್‌ನಲ್ಲಿ ಕ್ಲಾಸಿಗೆ ಕ್ಲಾಸೇ ಪಾಸಾಗಿತ್ತು. ಅರವತ್ತು ಮಕ್ಕಳು, ಹೆಚ್ಚಿನವರಿಗೆ ಪೂರ್ತಿ ಅಂಕ. ಖುಷಿ ಸಂಜೆಯವರೆಗೂ ಉಳಿಯಲಿಲ್ಲ. "1-ಬಿ, 2-ಡಿ, 3-ಎ" ಅಂತ ಒಬ್ಬ ಹುಡುಗ ವಾಟ್ಸಾಪ್‌ನಲ್ಲಿ ಹಾಕಿದ. ಪಾಪ, ನಾನೂ ಇರುವ ಗ್ರೂಪ್‌ಗೇ ಹಾಕಿಬಿಟ್ಟಿದ್ದ.

ಕಾಪಿ ಒಂದೇ ಕಷ್ಟವಲ್ಲ. ಗಣಿತಕ್ಕೆ ನಾಲ್ಕು ಆಯ್ಕೆ ಕೊಡುವುದೇ ನನಗೆ ಇಷ್ಟವಿಲ್ಲ. ಇಂಟಿಗ್ರೇಷನ್ ಕೇಳಿದರೆ ಜಾಣ ಮಕ್ಕಳು ಇಂಟಿಗ್ರೇಷನ್ ಮಾಡುವುದೇ ಇಲ್ಲ. ನಾಲ್ಕೂ ಆಯ್ಕೆಗಳನ್ನು ಡಿಫರೆನ್ಸಿಯೇಟ್ ಮಾಡಿ, ಯಾವುದು ಪ್ರಶ್ನೆಗೆ ಹೊಂದುತ್ತದೋ ಅದಕ್ಕೆ ಟಿಕ್ ಹಾಕುತ್ತಾರೆ. ನಾನೇ ಆಗಿದ್ದರೂ ಹಾಗೇ ಮಾಡುತ್ತಿದ್ದೆ.

ಹುಡುಕುತ್ತಾ ಹೋದಾಗ ಸ್ಟ್ಯಾಕ್ ಸಿಕ್ಕಿತು. ಕ್ರಿಸ್ ಸಾಂಗ್ವಿನ್ ಎಂಬ ಗಣಿತ ಮೇಷ್ಟ್ರು 2004ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ, ಗಣಿತದ ಉತ್ತರ ತಿದ್ದುವ ತಂತ್ರಾಂಶ ಇದು. ಆಮೇಲೆ ಅವರು ಎಡಿನ್‌ಬರಾಗೆ ಹೋದರು. ಇದು ಮೂಡಲ್ ಎಂಬ ಆನ್‌ಲೈನ್ ಪಾಠ-ಪರೀಕ್ಷೆಗಳ ತಂತ್ರಾಂಶದ ಒಳಗೆ ಕೂರುತ್ತದೆ (ನಮ್ಮ ಮೂಡಲ ದಿಕ್ಕಿಗೂ ಇದಕ್ಕೂ ಸಂಬಂಧವಿಲ್ಲ). ತೆರೆಯ ಹಿಂದೆ ಲೆಕ್ಕ ಮಾಡುವುದು ಮ್ಯಾಕ್ಸಿಮಾ ಎಂಬ ಬೀಜಗಣಿತದ ತಂತ್ರಾಂಶ. ಅದರ ಬೇರು 1960ರ ದಶಕದ ಎಂಐಟಿಯಲ್ಲಿದೆ. ಎಲ್ಲವೂ ಪುಕ್ಕಟೆ. ಇಲ್ಲಿ ವಿದ್ಯಾರ್ಥಿ ಟಿಕ್ ಹಾಕುವುದಿಲ್ಲ, ಉತ್ತರವನ್ನೇ ಟೈಪ್ ಮಾಡುತ್ತಾನೆ. ಒಬ್ಬೊಬ್ಬರಿಗೆ ಒಂದೊಂದು ಸಂಖ್ಯೆ.

ಸಂಖ್ಯೆ ಬದಲಾಯಿಸುವುದು ಏನು ಮಹಾ ಅಂದುಕೊಂಡೆ. ವರ್ಗ ಸಮೀಕರಣ ತೆಗೆದುಕೊಂಡು ಮೂರು ಕಡೆಯೂ 1ರಿಂದ 9ರವರೆಗೆ ಯಾವುದಾದರೂ ಸಂಖ್ಯೆ ಬರಲಿ ಅಂತ ಬಿಟ್ಟೆ. ಒಬ್ಬನಿಗೆ ಬಾಯಿಲೆಕ್ಕದಲ್ಲೇ ಮುಗಿಯುವ ಪ್ರಶ್ನೆ ಬಂತು. ಇನ್ನೊಬ್ಬನಿಗೆ ಮೂಲಗಳಲ್ಲಿ ರೂಟ್ 57. ಒಬ್ಬಳಿಗೆ ಮೂಲಗಳೇ ಕಾಲ್ಪನಿಕ ಸಂಖ್ಯೆ, ಅದನ್ನು ನಾನಿನ್ನೂ ಪಾಠ ಮಾಡಿರಲಿಲ್ಲ. "ಸರ್, ನನಗೊಬ್ಬಳಿಗೇ ಯಾಕೆ?" ಅಂತ ಕೇಳಿದಳು. ನ್ಯಾಯವಾದ ಪ್ರಶ್ನೆ.

ಅವತ್ತೇ ಗೊತ್ತಾಯಿತು, ಇಲ್ಲಿ ಉತ್ತರದಿಂದ ಹಿಂದಕ್ಕೆ ನಡೆಯಬೇಕು. ಮೊದಲು ಮೂಲಗಳನ್ನು ಆರಿಸು, ಆಮೇಲೆ ಸಮೀಕರಣ ಕಟ್ಟು. ಐಗನ್‌ವ್ಯಾಲ್ಯೂ (ಮ್ಯಾಟ್ರಿಕ್ಸ್ ಎಂಬ ಸಂಖ್ಯೆಗಳ ಚೌಕಕ್ಕೆ ಸೇರಿದ ವಿಶೇಷ ಸಂಖ್ಯೆಗಳು) ಪ್ರಶ್ನೆಯನ್ನೇ ನೋಡಿ. ಸುಮ್ನೆ ನಾಲ್ಕು ಸಂಖ್ಯೆ ಜೋಡಿಸಿದರೆ ಉತ್ತರ ಹೇಗೋ ಏನೋ. ನಾನು 2 ಮತ್ತು 5 ಉತ್ತರವಾಗಲಿ ಅಂತ ಮೊದಲೇ ಹಿಡಿಯುತ್ತೇನೆ. ಅವೆರಡನ್ನು ಒಂದು ಮ್ಯಾಟ್ರಿಕ್ಸ್ ಕರ್ಣದಲ್ಲಿ ಇಟ್ಟು (ಉಳಿದೆಡೆ ಸೊನ್ನೆ), ಡಿಟರ್ಮಿನಂಟ್ 1 ಇರುವ ಇನ್ನೊಂದು ಮ್ಯಾಟ್ರಿಕ್ಸ್ ತೆಗೆದುಕೊಳ್ಳುತ್ತೇನೆ. ಇದರ ಮೊದಲ ಸಾಲು 1, 1. ಎರಡನೆಯದು 1, 2. ಕರ್ಣದ ಮ್ಯಾಟ್ರಿಕ್ಸನ್ನು ಎಡಕ್ಕೆ ಇದರಿಂದ, ಬಲಕ್ಕೆ ಇದರ ಇನ್ವರ್ಸ್‌ನಿಂದ ಗುಣಿಸಿದರೆ ಮೊದಲ ಸಾಲು −1, 3 ಆಗುತ್ತದೆ, ಎರಡನೇ ಸಾಲು −6, 8. ನೋಡಿದವರಿಗೆ ಒಳಗೆ 2 ಮತ್ತು 5 ಅಡಗಿರುವುದು ಗೊತ್ತಾಗುವುದಿಲ್ಲ. ಡಿಟರ್ಮಿನಂಟ್ 1 ಇರುವುದರಿಂದ ಎಲ್ಲೂ ಭಿನ್ನರಾಶಿ ನುಸುಳುವುದಿಲ್ಲ.

ಇದು ಹೊಸ ಉಪಾಯವೇನಲ್ಲ. 9ನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ಗಣಿತಸಾರಸಂಗ್ರಹದಲ್ಲಿ ಇದೇ ದಾರಿ ಹಿಡಿದಿದ್ದಾರೆ. ಎರಡು 'ಬೀಜ' ಸಂಖ್ಯೆಗಳಿಂದ ಆಕೃತಿ ಹುಟ್ಟಿಸುವುದು, ಹುಟ್ಟಿದ್ದು 'ಜನ್ಯ'. ಬೀಜ 3 ಮತ್ತು 2 ಆದರೆ ವರ್ಗಗಳ ವ್ಯತ್ಯಾಸ 5, ಗುಣಲಬ್ಧದ ಎರಡರಷ್ಟು 12, ವರ್ಗಗಳ ಮೊತ್ತ 13. ಲಂಬಕೋನ ತ್ರಿಭುಜ ಸಿದ್ಧ. ನನ್ನ ತ್ರಿಭುಜದ ಪ್ರಶ್ನೆಗಳೆಲ್ಲ ಇವತ್ತಿಗೂ ಈ ಬೀಜಗಳಿಂದಲೇ ಹುಟ್ಟುತ್ತವೆ.

ಬೀಜ ಸರಿ ಇದ್ದರೂ ಕಳೆ ಬರುತ್ತದೆ. ಆಯತದ ವಿಸ್ತೀರ್ಣ ಕೇಳಿದ್ದೆ. ಒಬ್ಬನಿಗೆ ಬಂದಿದ್ದು 3 ಮತ್ತು 6. ಅವನು ಸುತ್ತಳತೆ ಲೆಕ್ಕ ಹಾಕಿ 18 ಬರೆದ. ವಿಸ್ತೀರ್ಣವೂ 18! ತಪ್ಪು ದಾರಿಯಲ್ಲಿ ಬಂದವನಿಗೆ ಪೂರ್ತಿ ಅಂಕ ಹೋಯಿತು. ಚೈನ್ ರೂಲ್‌ನಲ್ಲೂ (ಒಂದು ಫಲನದೊಳಗೆ ಇನ್ನೊಂದು ಇದ್ದಾಗ ಡಿಫರೆನ್ಸಿಯೇಟ್ ಮಾಡುವ ನಿಯಮ) ಇದೇ ಕಥೆ. ಒಳಗಿನ ಗುಣಕ 1 ಆಗಿಬಿಟ್ಟರೆ ರೂಲ್ ಮರೆತವನೂ ಪಾಸು. ಹಾಗಾಗಿ ಯಾವ ಸಂಖ್ಯೆ ಬರಬಾರದು ಅನ್ನುವ ಪಟ್ಟಿಯನ್ನೇ ಮೊದಲು ಬರೆಯುತ್ತೇನೆ. 0, 1, −1 ಯಾವಾಗಲೂ ಅನುಮಾನದ ಗಿರಾಕಿಗಳು. ಸ್ಟ್ಯಾಕ್‌ನಲ್ಲಿ 'ರ‍್ಯಾಂಡ್ ವಿತ್ ಪ್ರೊಹಿಬ್' ಅಂತ ಒಂದು ಆಜ್ಞೆ ಇದೆ. ವ್ಯಾಪ್ತಿಯ ಜೊತೆಗೆ ಬೇಡದ ಸಂಖ್ಯೆಗಳನ್ನೂ ಕೊಟ್ಟರೆ ಅವನ್ನು ಬಿಟ್ಟು ಆರಿಸುತ್ತದೆ.

ತಿದ್ದುವ ಕೆಲಸ ಇದಕ್ಕಿಂತ ಮಜಾ. ಯಂತ್ರ ಉತ್ತರದ ಅಕ್ಷರ ಹೋಲಿಸುವುದಿಲ್ಲ, ಬೆಲೆ ಹೋಲಿಸುತ್ತದೆ. ವಿದ್ಯಾರ್ಥಿಯ ಉತ್ತರದಿಂದ ನನ್ನ ಉತ್ತರ ಕಳೆದು ಸೊನ್ನೆ ಬಂದರೆ ಸರಿ. ಯಾವ ರೂಪದಲ್ಲಿ ಬರೆದರೂ ಒಪ್ಪುತ್ತದೆ, ಒಳ್ಳೆಯದೇ ಅಲ್ವಾ ಅಂದುಕೊಂಡೆ. ಆಮೇಲೆ 'ಅಪವರ್ತಿಸಿ' ಅಂತ ಒಂದು ಪ್ರಶ್ನೆ ಕೊಟ್ಟೆ. ಇಬ್ಬರು ಹುಡುಗರು ಪ್ರಶ್ನೆಯನ್ನೇ ಉತ್ತರದ ಡಬ್ಬಿಯಲ್ಲಿ ಟೈಪ್ ಮಾಡಿ ಪೂರ್ತಿ ಅಂಕ ಹೊಡೆದರು. ಯಂತ್ರದ ಲೆಕ್ಕದಲ್ಲಿ ಅದು ಸರಿಯೇ, ಎರಡರ ಬೆಲೆಯೂ ಒಂದೇ. ಬೆಲೆ ನೋಡುವ ಪರೀಕ್ಷೆ ಬೇರೆ, ರೂಪ ನೋಡುವ ಪರೀಕ್ಷೆ ಬೇರೆ ಅಂತ ಕಲಿತೆ. ಅಪವರ್ತನಕ್ಕೆ 'ಫ್ಯಾಕ್‌ಫಾರ್ಮ್' ಇದೆ, ಭಿನ್ನರಾಶಿ ಸಂಕ್ಷೇಪಿಸಿದ್ದಾರಾ ನೋಡಲು 'ಲೋಯೆಸ್ಟ್ ಟರ್ಮ್ಸ್' ಇದೆ. ಇಂಟಿಗ್ರೇಷನ್‌ಗೇ ಒಂದು ಪ್ರತ್ಯೇಕ ಪರೀಕ್ಷೆ ಇದೆ. ಕೊನೆಗೆ ಕೂಡಿಸಬೇಕಾದ ಸ್ಥಿರಾಂಕ ಮರೆತರೆ ಅದು ಹಿಡಿದು ಹೇಳುತ್ತದೆ, ನನಗಿಂತ ಸಮಾಧಾನವಾಗಿ.

ನನ್ನ ಸಮಯ ನಿಜವಾಗಿ ಹೋಗುವುದು ಮಕ್ಕಳು ಎಲ್ಲೆಲ್ಲಿ ಎಡವುತ್ತಾರೆ ಅಂತ ಊಹಿಸುವುದರಲ್ಲಿ. ಸ್ಟ್ಯಾಕ್‌ನಲ್ಲಿ ಇದನ್ನು ಮರದಂತೆ ಕಟ್ಟಬೇಕು. ಉತ್ತರ ಸರಿಯಾ? ಅಲ್ಲದಿದ್ದರೆ ಚಿಹ್ನೆ ಮಾತ್ರ ತಪ್ಪಾ? ಅದೂ ಅಲ್ಲವಾದರೆ ಚೈನ್ ರೂಲ್ ಬಿಟ್ಟಿದ್ದಾರಾ? ಒಂದೊಂದು ಕೊಂಬೆಗೂ ಬೇರೆ ಅಂಕ, ಬೇರೆ ಮಾತು. ಈ ಊಹೆಗೆ ಸಹಾಯ ಮಾಡಿದ್ದು ಹಳೆಯ ಉತ್ತರ ಪತ್ರಿಕೆಗಳ ಕಟ್ಟು. ಕೆಂಪು ಪೆನ್ನಿನ ಗುರುತುಗಳನ್ನು ಎಣಿಸಿದರೆ ಮರದ ಕೊಂಬೆಗಳು ತಾವಾಗಿಯೇ ಕಾಣುತ್ತವೆ. ಎರಡು ಹಂತದ ಪ್ರಶ್ನೆಯಾದರೆ ಇನ್ನೊಂದು ಎಚ್ಚರ ಬೇಕು. ಸ್ಪರ್ಶಕದ (ವಕ್ರರೇಖೆಯನ್ನು ಮುಟ್ಟುವ ಸರಳರೇಖೆಯ) ಸ್ಲೋಪ್, ಅಂದರೆ ಓರೆ, ತಪ್ಪಾದವರು ಮುಂದೆ ಆ ತಪ್ಪು ಸ್ಲೋಪ್ ಹಿಡಿದೇ ರೇಖೆಯನ್ನು ಸರಿಯಾಗಿ ಬರೆದಿದ್ದರೆ ಎರಡನೇ ಹಂತದ ಅಂಕ ಕೊಡುತ್ತೇನೆ. ಕಾಗದದ ಮೇಲೆ ಹಾಗೆ ತಾನೇ ತಿದ್ದುತ್ತಿದ್ದುದು?

ಕನ್ನಡದಲ್ಲಿ ಪ್ರಶ್ನೆ ಬರೆದಾಗ ಮಾತ್ರ ಬರುವ ಒಂದು ಪೇಚಿದೆ. ಹೆಸರುಗಳೂ ಬದಲಾಗಲಿ ಅಂತ ಪಟ್ಟಿ ಕೊಟ್ಟೆ. "ಗೀತಾ 5 ಕೆಜಿ ಅಕ್ಕಿ ಕೊಂಡನು" ಅಂತ ಬಂತು. ಇಂಗ್ಲಿಷ್‌ನಲ್ಲಿ ಹೆಸರು ಬದಲಾದರೆ ಕ್ರಿಯಾಪದ ಹಾಗೇ ಇರುತ್ತದೆ, ನಮ್ಮಲ್ಲಿ ಹಾಗಲ್ಲವಲ್ಲ. ಹೆಸರು ಮತ್ತು ಕ್ರಿಯಾಪದವನ್ನು ಜೋಡಿಯಾಗಿ ಆರಿಸಬಹುದು. ಸೋಮಾರಿಯಾದ ನಾನು ಎಲ್ಲರಿಗೂ ಮರ್ಯಾದೆ ಕೊಟ್ಟು "ಕೊಂಡರು" ಅಂತ ಬರೆದುಬಿಡುತ್ತೇನೆ.

ಮೈನಸ್ ಚಿಹ್ನೆಯೂ ಹೀಗೇ ಕಾಡಿತು. ಸಂಖ್ಯೆಗಳನ್ನು ಬಿಡಿಬಿಡಿಯಾಗಿ ವಾಕ್ಯದೊಳಗೆ ತೂರಿಸಿದರೆ ಪರದೆಯ ಮೇಲೆ "3 + −5" ಅಂತ ಕಾಣುತ್ತದೆ. ಇಡೀ ಪದೋಕ್ತಿಯನ್ನು ಮ್ಯಾಕ್ಸಿಮಾ ಕೈಗೇ ಕೊಟ್ಟರೆ ಅದೇ ಅಂದವಾಗಿ ಬರೆಯುತ್ತದೆ.

ನನ್ನ ದೊಡ್ಡ ಎಡವಟ್ಟು ಮಾತ್ರ ಗಣಿತದ್ದಲ್ಲ. ಟೆಸ್ಟ್ ನಡೆಯುತ್ತಿರುವಾಗ ಒಂದು ಪ್ರಶ್ನೆಯಲ್ಲಿ ತಪ್ಪು ಕಂಡಿತು. ಸರಿಪಡಿಸೋಣ ಅಂತ ಮೇಲುಗಡೆ ಒಂದು ಹೊಸ ಯಾದೃಚ್ಛಿಕ ಸಂಖ್ಯೆ ಸೇರಿಸಿದೆ. ಪ್ರತಿ ವಿದ್ಯಾರ್ಥಿಗೂ ಯಂತ್ರ ಕೊಡುವ ಒಂದು ಬೀಜಸಂಖ್ಯೆ ಇರುತ್ತದೆ (ಮಹಾವೀರಾಚಾರ್ಯರ ಬೀಜವಲ್ಲ), ಅದರಿಂದ ಉಳಿದವು ಸಾಲಾಗಿ ಹುಟ್ಟುತ್ತವೆ. ಸಾಲಿನ ತಲೆಯಲ್ಲಿ ನಾನು ಒಂದನ್ನು ನುಗ್ಗಿಸಿದ್ದೇ ತಡ, ಕೆಳಗಿನವೆಲ್ಲ ಬದಲಾದವು. ಅರ್ಧ ಬರೆದವರ ಪ್ರಶ್ನೆ ಕಣ್ಣೆದುರೇ ಬೇರೆ ಆಯಿತು. ಫೋನ್ ಮೇಲೆ ಫೋನ್. ಹೊಸ ಮೂಡಲ್‌ನಲ್ಲಿ ಪ್ರಶ್ನೆಯ ಹಳೆಯ ಆವೃತ್ತಿ ಉಳಿದುಕೊಳ್ಳುತ್ತದೆ, ಆಗ ನನ್ನ ಬಳಿ ಇದ್ದುದು ಹಳೆಯದು. ಈಗ ನಾನು ಪ್ರತಿ ಪ್ರಶ್ನೆಗೂ ಮೂವತ್ತು ರೂಪಗಳನ್ನು ಮೊದಲೇ ತೆಗೆದು ನಿಲ್ಲಿಸುತ್ತೇನೆ. ಒಂದು ಸರಿ ಉತ್ತರ, ಎರಡು ಬೇಕಂತಲೇ ತಪ್ಪಿಸಿದ ಉತ್ತರ ಕೊಟ್ಟು ಎಲ್ಲವನ್ನೂ ಓಡಿಸುತ್ತೇನೆ. ಟೀ ಕುಡಿದು ಬರುವಷ್ಟರಲ್ಲಿ ಮುಗಿಯುತ್ತದೆ.

'ಸಾಧಿಸಿ' ಅನ್ನುವ ಪ್ರಶ್ನೆಗಳನ್ನು ಈಗಲೂ ಕಾಗದದಲ್ಲೇ ಬರೆಸುತ್ತೇನೆ.

ಕಾಪಿ ನಿಂತಿತಾ ಅಂತ ಕೇಳುತ್ತಾರೆ. ಕಳೆದ ವರ್ಷ ಪರವಲಯಕ್ಕೆ (y = x² + bx + c; b ನಡುವಿನ ನಂಬರ್, c ಕೊನೇ ನಂಬರ್) ಸ್ಪರ್ಶಕ ಕೇಳಿದ್ದಾಗ ಗ್ರೂಪ್‌ನಲ್ಲಿ ಹೀಗೊಂದು ಮೆಸೇಜ್ ಓಡಾಡಿತಂತೆ: "ಬಿಂದುವಿನ ಎಕ್ಸ್ ಬೆಲೆಯನ್ನು ಡಬಲ್ ಮಾಡಿ ನಡುವಿನ ನಂಬರ್ ಕೂಡಿಸು, ಅದು ಸ್ಲೋಪ್. ಕೊನೇ ನಂಬರಿನಿಂದ ಬಿಂದುವಿನ ಎಕ್ಸ್ ವರ್ಗ ಕಳಿ, ಅದು ಉಳಿದದ್ದು." ಕೂತು ಪರೀಕ್ಷಿಸಿದೆ. ವರ್ಗದ ಗುಣಕ 1 ಇರುವ ನನ್ನ ಮೂವತ್ತೂ ರೂಪಗಳಿಗೆ ಸರಿಯಾಗಿ ಹೊಂದಿತು. ಸಂಖ್ಯೆಯ ಬದಲು ಅಕ್ಷರ ಇಟ್ಟು ಲೆಕ್ಕ ಮಾಡಿ ಅಂತ ಕ್ಲಾಸಿನಲ್ಲಿ ಎಷ್ಟು ಸಲ ಗೋಗರೆದಿದ್ದೆನೋ. ಈ ಸಲ ವರ್ಗದ ಗುಣಕವನ್ನೂ ಬದಲಾಯಿಸಿದ್ದೇನೆ. ಮೆಸೇಜ್ ಇನ್ನೂ ಬಂದಿಲ್ಲ.