ಇಂಗ್ಲಿಷ್ ಪಾಠದಲ್ಲಿ ಕೈಸನ್ನೆ: ನಾನು ಮಾಡುವ ರೀತಿ

ಕನ್ನಡ ಮಾಧ್ಯಮದ ಮಕ್ಕಳು ಇಂಗ್ಲಿಷ್ ವಾಕ್ಯದಲ್ಲಿ ತಪ್ಪಿದಾಗ ನಾನು ಬಾಯಲ್ಲಿ ತಿದ್ದುವುದಿಲ್ಲ, ಬೆರಳಲ್ಲಿ ತಿದ್ದುತ್ತೇನೆ. ಸರಿಯುತ್ತರ ನಾವೇ ಹೇಳಿಬಿಟ್ಟರೆ ಮಗು ಅದನ್ನು ಒಪ್ಪಿಸುತ್ತದೆ ಅಷ್ಟೇ, ಎಲ್ಲಿ ತಪ್ಪಿತು ಅಂತ ಅದಕ್ಕೆ ಗೊತ್ತೇ ಆಗುವುದಿಲ್ಲ.

ಎಡಗೈಯನ್ನು ಭುಜದ ಮಟ್ಟಕ್ಕೆ ಎತ್ತಿ, ಅಂಗೈ ಮಕ್ಕಳ ಕಡೆ ಇರಲಿ. ಆಗ ಹೆಬ್ಬೆರಳು ಅವರ ಎಡಕ್ಕೆ ಬರುತ್ತದೆ, ವಾಕ್ಯ ಬೋರ್ಡಿನ ಮೇಲೆ ಬರೆದ ಹಾಗೆಯೇ ಸಾಗುತ್ತದೆ. ಅಂಗೈ ನಮ್ಮ ಕಡೆ ತಿರುಗಿದರೆ ಎಲ್ಲವೂ ಉಲ್ಟಾ. ಬೆರಳಿಗೊಂದು ಪದ. ಮಗು 'ಐ ಗೋಯಿಂಗ್ ಟು ಸ್ಕೂಲ್' ಅಂದರೆ ಹೆಬ್ಬೆರಳಿಗೆ 'ಐ', ನಡುಬೆರಳಿನಿಂದ ಮುಂದಕ್ಕೆ ಉಳಿದ ಮೂರು ಪದ. ಖಾಲಿ ಉಳಿದ ತೋರುಬೆರಳನ್ನು ಬಲಗೈಯಲ್ಲಿ ಹಿಡಿದು ಅಲ್ಲಾಡಿಸಿ, ಬಾಯಿ ಮುಚ್ಚಿಕೊಂಡು ಕಾಯಬೇಕು. 'ಆಮ್' ತಾನಾಗಿ ಬರುತ್ತದೆ. ಬಂದ ಮೇಲೆ ಆ ಎರಡು ಬೆರಳು ಜೋಡಿಸಿದರೆ 'ಐಮ್'. ಐದು ಪದ ಮೀರಿದರೆ ವಾಕ್ಯ ತುಂಡು ಮಾಡಿ. ಎರಡೂ ಕೈ ಎತ್ತಿದರೆ ತೋರಿಸುವುದಕ್ಕೆ ಕೈಯೇ ಉಳಿಯುವುದಿಲ್ಲ. 'ಯೆಸ್ಟರ್ಡೇ ಐ ಗೋ' ಅಂದವರಿಗೆ ಹೆಬ್ಬೆರಳನ್ನು ಭುಜದ ಹಿಂದಕ್ಕೆ ತೋರಿಸಿದರೆ ಸಾಕು. ಇಂಥ ನಾಲ್ಕೈದು ಸನ್ನೆ ಇಡೀ ವರ್ಷಕ್ಕೆ ಸಾಲುತ್ತವೆ, ಅರ್ಥ ಮಾತ್ರ ಬದಲಾಗಬಾರದು.

ಕಾಯುವುದೇ ಕಷ್ಟ. ಶಿಕ್ಷಕರು ಉತ್ತರಕ್ಕೆ ಸುಮಾರು ಒಂದೇ ಸೆಕೆಂಡ್ ಕಾಯುತ್ತಾರೆ, 3 ಸೆಕೆಂಡ್ ಕಾದರೆ ಉತ್ತರ ಉದ್ದವಾಗುತ್ತದೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ವಿಜ್ಞಾನ ತರಗತಿಗಳಲ್ಲಿ ಕಂಡುಕೊಂಡಿದ್ದರು. ಕನ್ನಡದಲ್ಲಿ ಕೊನೆಗೆ ಬರುವ ಕ್ರಿಯಾಪದವನ್ನು ನಡುವಿಗೆ ತರಬೇಕಾದ ನಮ್ಮ ಮಕ್ಕಳಿಗೆ ನಾನು 5 ಸೆಕೆಂಡ್ ಕೊಡುತ್ತೇನೆ. ಮೊದಲು ಪ್ರಶ್ನೆ, ಆಮೇಲೆ ಮೌನ, ಕೊನೆಗೆ ಅಂಗೈ ಚಾಚಿ ಒಬ್ಬರನ್ನು ಕರೆಯುವುದು. ಹೆಸರು ಮೊದಲು ಹೇಳಿದರೆ ಉಳಿದವರು ಯೋಚಿಸುವುದನ್ನೇ ಬಿಡುತ್ತಾರೆ. ಬೆರಳು ಮಾಡಿ ತೋರಿಸುವುದು ಬೇಡ, ಗದರಿದ ಹಾಗಾಗುತ್ತದೆ.

ತಲೆಯ ಬಗ್ಗೆಯೂ ಎಚ್ಚರ ಬೇಕು. ಕೇಳಿಸಿಕೊಳ್ಳುವಾಗ 'ಹ್ಞೂಂ, ಹೇಳು' ಅನ್ನುವಂತೆ ತಲೆ ಆಡಿಸುವುದು ನಮಗೆ ರೂಢಿ. ಮಗುವಿಗೆ ಅದು 'ಸರಿ' ಅಂತಲೇ ಕಾಣುತ್ತದೆ, ತಪ್ಪು ವಾಕ್ಯವೇ ಗಟ್ಟಿಯಾಗುತ್ತದೆ. ವಾಕ್ಯ ಮುಗಿಯುವವರೆಗೆ ತಲೆ ನೇರ ಇರಲಿ, ಕಣ್ಣು ಮಾತ್ರ ಮಗುವಿನ ಮೇಲಿರಲಿ.

ಮೆಲುದನಿಯ ಮಗುವಿನ ಹತ್ತಿರ ಹೋಗಬೇಡಿ, ದನಿ ಇನ್ನೂ ತಗ್ಗುತ್ತದೆ. ಎರಡು ಹೆಜ್ಜೆ ಹಿಂದೆ ಸರಿದು ಕಿವಿಗೆ ಕೈ ಹಿಡಿಯಿರಿ.

ನಾವು 'ವೆಸ್ಟ್' ಅಂತ ಒಂದೇ ಥರ ಹೇಳುವ ಎರಡು ಪದಗಳು ಇಂಗ್ಲಿಷಿನಲ್ಲಿವೆ: ಒಂದು ಬನಿಯನ್ನು (vest), ಇನ್ನೊಂದು ಪಶ್ಚಿಮ (west). ನಮ್ಮ 'ವ' ಎರಡಕ್ಕೂ ಒಂದೇ. ಬನಿಯನ್ನಿಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ಪಶ್ಚಿಮಕ್ಕೆ ತುಟಿ ದುಂಡಗಾಗಬೇಕು, ಹಲ್ಲು ಕಾಣಬಾರದು. ಬೋರ್ಡಿಗೆ ಮುಖ ಮಾಡಿ ಹೇಳಿದರೆ ಈ ವ್ಯತ್ಯಾಸ ಯಾರಿಗೂ ಕಾಣುವುದಿಲ್ಲ. ಬರೆದು ಮುಗಿಸಿ, ತಿರುಗಿ, ಆಮೇಲೆ ಹೇಳಿ.