ಬೋರ್ಡು ಅವರದು, ಬ್ಯಾಂಕ್ ಸಾಲ ನಮ್ಮದು: ಹಾಸನದಲ್ಲಿ ಚೈನ್ ಹೋಟೆಲ್ ಕಟ್ಟಿದ ನನ್ನ ಅನುಭವ

ಹಾಸನದ ಬಸ್ ಸ್ಟ್ಯಾಂಡ್ ಹತ್ತಿರ ನಮ್ಮ ಅಪ್ಪ ಮೂವತ್ತು ವರ್ಷ ಲಾಡ್ಜ್ ನಡೆಸಿದರು. 22 ರೂಮು, ಕೌಂಟರ್ ಹಿಂದೆ ಬಾಡಿಗೆ ಬರೆದ ಬೋರ್ಡು, ಒಂದು ದಪ್ಪ ರಿಜಿಸ್ಟರ್. ನಾನು ಬೆಳೆದದ್ದೇ ಆ ಕೌಂಟರ್ ಪಕ್ಕದಲ್ಲಿ. 2018ರಲ್ಲಿ ಬೆಂಗಳೂರು–ಮಂಗಳೂರು ಹೆದ್ದಾರಿ ಬದಿಯ ನಮ್ಮ ಒಂದೂವರೆ ಎಕರೆ ಆಲೂಗೆಡ್ಡೆ ಜಮೀನಿಗೆ ಭೂ ಪರಿವರ್ತನೆ ಆಯಿತು. ಅಲ್ಲಿ ದೊಡ್ಡದಾಗಿ ಏನಾದರೂ ಮಾಡೋಣ, ಒಂದೇ ಹೆಸರಲ್ಲಿ ಊರೂರಲ್ಲಿ ಹೋಟೆಲ್ ನಡೆಸುವ ಯಾವುದಾದರೂ ಚೈನ್‌ನವರನ್ನು ಕರೆಯೋಣ ಅಂತ ಮನೆಯಲ್ಲಿ ಮಾತಾಯಿತು.

ಚೈನ್‌ನವರು ಬಂದರೆ ದುಡ್ಡು ಹಾಕುತ್ತಾರೆ, ಅವರೇ ಕಟ್ಟುತ್ತಾರೆ, ನಮಗೆ ತಿಂಗಳಿಗೆ ಬಾಡಿಗೆ ಬರುತ್ತದೆ ಅಂತ ನಾನು ಅಂದುಕೊಂಡಿದ್ದೆ. ಬೆಂಗಳೂರಿನಿಂದ ಬಂದ ಡೆವಲಪ್‌ಮೆಂಟ್ ಮ್ಯಾನೇಜರ್ ಜಮೀನಿನ ಬದುವಿನ ಮೇಲೆ ನಿಂತು ಮೊದಲ ಹತ್ತು ನಿಮಿಷದಲ್ಲೇ ಅದನ್ನು ಬಿಡಿಸಿ ಹೇಳಿದರು. "ಸರ್, ನಾವು ಕಟ್ಟಲ್ಲ. ಜಾಗ ನಿಮ್ಮದು, ಕಟ್ಟಡ ನಿಮ್ಮದು, ಸಾಲ ನಿಮ್ಮದು. ನಾವು ಹೆಸರು ಕೊಡ್ತೀವಿ, ನಡೆಸಿಕೊಡ್ತೀವಿ." ಅಪ್ಪ ಏನೂ ಮಾತಾಡಲಿಲ್ಲ. ಕಾರು ಹೊರಟ ಮೇಲೆ ಕೇಳಿದರು: "ಹಾಗಾದ್ರೆ ನಷ್ಟ ಆದ್ರೆ ಯಾರದ್ದು?"

ಅಪ್ಪನ ಆ ಪ್ರಶ್ನೆಯನ್ನು ನಾನು ಕೊನೆಯವರೆಗೂ ಬಿಡಲಿಲ್ಲ.

ಈ ಪದ್ಧತಿ ಹೊಸದೇನಲ್ಲ. ಕೆಮ್ಮನ್ಸ್ ವಿಲ್ಸನ್ ಅನ್ನುವವರು 1952ರಲ್ಲಿ ಅಮೆರಿಕದ ಮೆಂಫಿಸ್‌ನಲ್ಲಿ ಮೊದಲ ಹಾಲಿಡೇ ಇನ್ ತೆರೆದರು. ಅವರು ಮನೆ ಕಟ್ಟುವ ಬಿಲ್ಡರ್. ದೇಶದ ಉದ್ದಕ್ಕೂ ಹೆದ್ದಾರಿ ಬದಿಯಲ್ಲಿ ಹೋಟೆಲ್ ಬೇಕು ಅನ್ನುವುದು ಅವರ ಆಸೆ, ಆದರೆ ಒಬ್ಬರ ದುಡ್ಡಲ್ಲಿ ಆಗುವ ಕೆಲಸ ಅಲ್ಲ. ತಮ್ಮಂಥ ಬಿಲ್ಡರ್‌ಗಳನ್ನೇ ಕರೆದರು. 500 ಡಾಲರ್ ಕೊಡಿ, ಆಮೇಲೆ ರೂಮಿಗೆ ದಿನಕ್ಕೆ 5 ಸೆಂಟ್ ಕೊಡಿ, ನಮ್ಮ ಹೆಸರಲ್ಲಿ ನೀವೇ ಕಟ್ಟಿ ಅಂದರು. 1993ರಲ್ಲಿ ಮ್ಯಾರಿಯಟ್ ಕಂಪನಿಯೇ ಎರಡು ಭಾಗ ಆಯಿತು. ಕಟ್ಟಡಗಳು ಒಂದು ಕಂಪನಿಗೆ, ಹೆಸರು ಮತ್ತು ನಡೆಸುವ ಕೆಲಸ ಇನ್ನೊಂದಕ್ಕೆ. ನಮ್ಮಲ್ಲಿ ಸರೋವರ್, ಐಟಿಸಿಯವರ ಫಾರ್ಚೂನ್, ಬೆಂಗಳೂರಿನ ರಾಯಲ್ ಆರ್ಕಿಡ್ ಸಣ್ಣ ಊರುಗಳಿಗೆ ಬಂದದ್ದೂ ಹೆಚ್ಚಾಗಿ ಬೇರೆಯವರ ಕಟ್ಟಡ ನಡೆಸಿಕೊಂಡೇ. ದಾರಿಯಲ್ಲಿ ಕಾಣುವ ಎಷ್ಟೋ ದೊಡ್ಡ ಬೋರ್ಡುಗಳ ಹಿಂದೆ ನಮ್ಮಂಥ ಒಂದು ಮನೆತನದ ಸಾಲ ಇರುತ್ತದೆ.

ದಾರಿ ಎರಡು. ಫ್ರಾಂಚೈಸಿ ಅಂದರೆ ಅವರ ಹೆಸರು, ಅವರ ಬುಕಿಂಗ್ ವ್ಯವಸ್ಥೆ, ಅವರ ನಿಯಮ, ಆದರೆ ನಡೆಸುವವರು ನಾವು. ಮ್ಯಾನೇಜ್‌ಮೆಂಟ್ ಕಾಂಟ್ರ್ಯಾಕ್ಟ್ ಅಂದರೆ ಅವರೇ ನಡೆಸುತ್ತಾರೆ. ಜನರಲ್ ಮ್ಯಾನೇಜರ್‌ನನ್ನು ಅವರು ಆರಿಸುತ್ತಾರೆ, ಸಂಬಳ ಮಾತ್ರ ನಮ್ಮ ಅಕೌಂಟಿನಿಂದ. ಉಳಿದ ಕೆಲಸಗಾರರೆಲ್ಲ ನಮ್ಮ ಮಸ್ಟರ್ ರೋಲ್‌ನಲ್ಲಿ. ನನಗೆ ಫ್ರಾಂಚೈಸಿ ಮೇಲೆ ಮನಸ್ಸಿತ್ತು. ಲಾಡ್ಜ್ ನಡೆಸಿದ ಅನುಭವ ಸಾಲದು ಅಂತ ಅವರು ಒಪ್ಪಲಿಲ್ಲ. ಕೊನೆಗೆ ಮಧ್ಯದ ದಾರಿ ಹಿಡಿದೆವು. ಮೊದಲ ಐದು ವರ್ಷ ಅವರು ನಡೆಸುವುದು, ಆಮೇಲೆ ನಾನು ಬೇಕೆಂದರೆ ಫ್ರಾಂಚೈಸಿಗೆ ಬದಲಾಯಿಸಿಕೊಳ್ಳುವುದು. ಈ ಧಂದೆಯಲ್ಲಿ ಇದಕ್ಕೆ 'ಮ್ಯಾಂಚೈಸ್' ಅನ್ನುತ್ತಾರೆ.

ನಾನು ಮಾಡಿದ ದೊಡ್ಡ ತಪ್ಪು ಇದಕ್ಕೂ ಮುಂಚಿನದು. ಚೈನ್ ಗೊತ್ತಾಗುವ ಮೊದಲೇ ನಮ್ಮೂರ ಇಂಜಿನಿಯರ್ ಹತ್ತಿರ ಪ್ಲಾನ್ ಮಾಡಿಸಿ ಪಾಯ ತೆಗೆಸಿದ್ದೆ. 72 ರೂಮು, ಒಂದೊಂದೂ ಹತ್ತು ಅಡಿ ಅಗಲ. ಕಂಬಗಳು ಪ್ಲಿಂತ್ ಮಟ್ಟಕ್ಕೆ ಬಂದಿದ್ದವು. ಚೈನ್‌ನ ಟೆಕ್ನಿಕಲ್ ಟೀಮ್ ಬಂದು ಟೇಪ್ ಹಿಡಿದು ಅಳೆದು, ಹನ್ನೆರಡು ಅಡಿ ಬೇಕೇ ಬೇಕು ಅಂದರು. ಅದೇ ಉದ್ದದಲ್ಲಿ 72 ಹೋಗಿ 60 ಆಯಿತು. ಒಂದು ಕಡೆಯ ಕಂಬಗಳನ್ನು ಒಡೆಸಬೇಕಾಯಿತು. ಮೇಸ್ತ್ರಿ ಬ್ರೇಕರ್ ಹಿಡಿದು ತಾನೇ ಕಟ್ಟಿದ ಕಂಬದ ಮುಂದೆ ನಿಂತು, "ಒಡೀಲಾ ಸಾರ್?" ಅಂತ ಎರಡು ಸಲ ಕೇಳಿದ. ಚೈನ್‌ಗೆ ಹೋಗುವ ಯೋಚನೆ ಇದ್ದರೆ ಎಲ್‌ಒಐ, ಅಂದರೆ ಒಪ್ಪಂದಕ್ಕೂ ಮುಂಚಿನ ಸಹಿ ಪತ್ರ, ಕೈಗೆ ಬರುವ ತನಕ ಒಂದು ಗುದ್ದಲಿಯೂ ಬೀಳಬಾರದು. ಇದನ್ನು ನಾನು ಕೇಳಿದವರಿಗೆಲ್ಲ ಹೇಳುತ್ತೇನೆ.

ಆ ಪತ್ರದಿಂದ ಒಂದು ಉಪಯೋಗವೂ ಆಯಿತು. ಅಲ್ಲಿಯವರೆಗೆ ಸುಮ್ನೆ ಓಡಾಡಿಸುತ್ತಿದ್ದ ಬ್ಯಾಂಕಿನವರು ಚೈನ್ ಹೆಸರು ನೋಡಿದ ಮೇಲೆ ಕೂತು ಮಾತಾಡಿದರು.

2020ರಲ್ಲಿ ಕೋವಿಡ್ ಬಂದು ಕೆಲಸ ನಿಂತಿತು, ಬಡ್ಡಿ ನಿಲ್ಲಲಿಲ್ಲ. ಮತ್ತೆ ಶುರುವಾದಾಗ ಮೊದಲು ಮಾಡಿದ್ದು ಮಾದರಿ ರೂಮು. ಒಂದೇ ಒಂದು ರೂಮನ್ನು ಪೂರ್ತಿ ಮುಗಿಸಿ ಅವರಿಗೆ ತೋರಿಸಬೇಕು, ಅವರು ಒಪ್ಪಿದ ಮೇಲೆ ಉಳಿದದ್ದು. ಮಂಚದ ಪಕ್ಕದ ಸ್ವಿಚ್ ಮಲಗಿದವನ ಕೈಗೆ ಸಿಗುತ್ತದಾ, ಪರದೆ ಎಳೆದರೆ ಸಂದಿಯಲ್ಲಿ ಬೆಳಕು ಬರುತ್ತದಾ, ಬಾಗಿಲು ಹಾಕಿದರೆ ಕಾರಿಡಾರ್ ಸದ್ದು ಕೇಳುತ್ತದಾ, ಎಲ್ಲ ನೋಡಿದರು. ಇಷ್ಟು ಶ್ರದ್ಧೆ ನಮ್ಮ ಲಾಡ್ಜಿನಲ್ಲಿ ಇರಲಿಲ್ಲ. ಅದು ನಾನು ಅವರಿಂದ ಕಲಿತದ್ದು.

ಅಮ್ಮನೂ ರೂಮು ನೋಡಲು ಬಂದರು. ಬಚ್ಚಲಿಗೆ ಹೋಗಿ ಬಂದು, "ಬಕೆಟ್ ಎಲ್ಲಿ, ಚೊಂಬು ಎಲ್ಲಿ?" ಅಂದರು. ಚೈನ್‌ನವರ ನಿಯಮದಲ್ಲಿ ಶವರ್ ಅಷ್ಟೇ. ಬೇಲೂರು, ಹಳೇಬೀಡು, ಶ್ರವಣಬೆಳಗೊಳ ನೋಡಲು ಅಜ್ಜ ಅಜ್ಜಿಯರ ಜೊತೆ ಬರುವ ಮನೆಯವರು ಶವರ್ ಕೆಳಗೆ ನಿಲ್ಲುತ್ತಾರಾ? ಒಂದು ತಿಂಗಳು ಮೇಲ್ ಮೇಲೆ ಮೇಲ್ ಬರೆದೆ. ಕೊನೆಗೆ ಪ್ರತಿ ಮಹಡಿಯ ಹೌಸ್‌ಕೀಪಿಂಗ್ ರೂಮಿನಲ್ಲಿ ಇಟ್ಟಿರುವುದು, ಕೇಳಿದವರಿಗೆ ಕೊಡುವುದು ಅಂತ ಆಯಿತು. ಈಗ ದಿನಾ ಕೇಳುತ್ತಾರೆ.

ಬಿಸಿನೀರಿನ ವಿಷಯ ಅಷ್ಟು ಸುಲಭಕ್ಕೆ ಮುಗಿಯಲಿಲ್ಲ. ಬೆಳಿಗ್ಗೆ ಆರರಿಂದ ಹತ್ತರವರೆಗೆ ಒಬ್ಬೊಬ್ಬರಾಗಿ ಸ್ನಾನ ಮಾಡುತ್ತಾರೆ ಅನ್ನುವುದು ಅವರ ಲೆಕ್ಕ. ಹೀಟ್ ಪಂಪ್, ಟ್ಯಾಂಕ್ ಎಲ್ಲ ಅದಕ್ಕೆ ತಕ್ಕಂತೆ. ಅಪ್ಪ ನಕ್ಷೆ ನೋಡಿ ಕೇಳಿದ್ದು ಒಂದೇ ಮಾತು: "ಮುಹೂರ್ತದ ದಿನ ಎಷ್ಟು ನೀರು ಬೇಕು ಅಂತ ಲೆಕ್ಕ ಹಾಕಿದ್ದಾರಾ?" ನಾನು ಅದನ್ನು ಗಟ್ಟಿಯಾಗಿ ಹಿಡಿದು ಕೂರಬೇಕಿತ್ತು, ಕೂರಲಿಲ್ಲ. 2022ರ ಡಿಸೆಂಬರ್‌ನಲ್ಲಿ ಶುರು ಮಾಡಿದೆವು. ಮುಂದಿನ ಮದುವೆ ಸೀಸನ್‌ನಲ್ಲಿ ಬೆಳಗಿನ ಮುಹೂರ್ತದ ಒಂದು ಮದುವೆಗೆ 60 ರೂಮೂ ಭರ್ತಿ. ಮೂರೂವರೆಗೆ ಎಲ್ಲ ನಲ್ಲಿಗಳೂ ಒಟ್ಟಿಗೆ ತಿರುಗಿದವು. ನಾಲ್ಕೂಕಾಲಿಗೆ ತಣ್ಣೀರು. ಹೆಣ್ಣಿನ ಸೋದರಮಾವ ರಿಸೆಪ್ಷನ್‌ಗೆ ಟವೆಲ್ ಸುತ್ತಿಕೊಂಡು ಬಂದರು. ಅಡುಗೆಮನೆಯಲ್ಲಿ ದೊಡ್ಡ ಪಾತ್ರೆಗಳಲ್ಲಿ ಕಾಯಿಸಿ ನಾವೇ ಬಕೆಟ್‌ನಲ್ಲಿ ಹೊತ್ತು ಕೊಟ್ಟೆವು. ಆ ತಿಂಗಳೇ ಎರಡನೇ ಟ್ಯಾಂಕ್ ಹಾಕಿಸಿದೆ.

ಇನ್ನು ಒಪ್ಪಂದದ ಮಾತು. ಅಮೆರಿಕದಲ್ಲಿ ಫ್ರಾಂಚೈಸಿ ಮಾರುವವರು ಸಹಿಗೆ 14 ದಿನ ಮೊದಲೇ ಫೀಸು, ಕೋರ್ಟು ಕೇಸು, ಎಷ್ಟು ಜನ ಬಿಟ್ಟು ಹೋದರು ಅನ್ನುವುದನ್ನೆಲ್ಲ ಬರೆದು ಕೊಡಬೇಕು ಅಂತ ಕಾನೂನಿದೆ. ನಮ್ಮಲ್ಲಿ ಫ್ರಾಂಚೈಸಿಗೆ ಅಂತಲೇ ಬೇರೆ ಕಾನೂನಿಲ್ಲ. ಕೇಳಿದರೆ ಹೇಳುತ್ತಾರೆ, ಕೇಳದಿದ್ದರೆ ಇಲ್ಲ. ಅಲ್ಲಿ ಹೋಟೆಲ್ ಮಾಲೀಕರಲ್ಲಿ ಗುಜರಾತಿ ಮೂಲದವರು ತುಂಬಾ ಜನ. 1989ರಲ್ಲಿ ಶುರುವಾದ ಏಷ್ಯನ್ ಅಮೆರಿಕನ್ ಹೋಟೆಲ್ ಓನರ್ಸ್ ಅಸೋಸಿಯೇಷನ್ ಅನ್ನುವ ಅವರ ಸಂಘ, ನ್ಯಾಯವಾದ ಫ್ರಾಂಚೈಸಿ ಹೇಗಿರಬೇಕು ಅಂತ 12 ಅಂಶಗಳ ಪಟ್ಟಿ ಮಾಡಿದೆ. ಟೆಕ್ಸಾಸ್‌ನಲ್ಲಿರುವ ನನ್ನ ಕಾಲೇಜು ಗೆಳೆಯ ಕಳಿಸಿದ್ದ. ಅದನ್ನು ಪ್ರಿಂಟ್ ತೆಗೆದು ವಕೀಲರ ಮುಂದಿಟ್ಟೆ. ಒಪ್ಪಂದದ ಯಾವ ಪುಟದಲ್ಲಿ ಏನು ಹುಡುಕಬೇಕು ಅನ್ನುವುದು ಅದರಿಂದ ತಿಳಿಯಿತು.

ಒಪ್ಪಂದದಲ್ಲಿ ನಮಗೆ ಸಿಕ್ಕಿದ ಮೊದಲ ತೊಡಕು ಏರಿಯಾದ್ದು. ಸುತ್ತಮುತ್ತ ಇನ್ನೊಂದು ಹೋಟೆಲ್ ಕೊಡುವುದಿಲ್ಲ ಅಂತ ಬರೆದಿದ್ದರು, ಆದರೆ ನಮ್ಮ ಬ್ರ್ಯಾಂಡ್ ಹೆಸರಿಗೆ ಮಾತ್ರ. ಅದೇ ಕಂಪನಿಗೆ ಇನ್ನೂ ಬ್ರ್ಯಾಂಡ್‌ಗಳಿವೆ. ನಾಳೆ ಎದುರುಗಡೆ ಅದರಲ್ಲೊಂದು ಬಂದರೆ? 15 ಕಿ.ಮೀ. ಒಳಗೆ ಐದು ವರ್ಷ ಕಂಪನಿಯ ಯಾವ ಬ್ರ್ಯಾಂಡೂ ಬರಬಾರದು ಅಂತ ಸೇರಿಸಿದೆವು.

ಎರಡನೆಯದು ಮದುವೆ ದುಡ್ಡು. ಬೇಸ್ ಫೀ, ಅಂದರೆ ನಡೆಸಿಕೊಡುವುದಕ್ಕೆ ಚೈನ್‌ಗೆ ಕೊಡುವ ಮೂಲ ಶುಲ್ಕ, ಒಟ್ಟು ವಹಿವಾಟಿನ ಮೇಲೆ 3% ಅಂತ ಇತ್ತು. ಒಟ್ಟು ಅಂದರೆ ಹಾಲ್ ಬಾಡಿಗೆ, ಊಟದ ಎಲೆ ಎಲ್ಲ ಸೇರಿ. ಎಂಟು ಲಕ್ಷದ ಮದುವೆ ಆದರೆ 24,000 ಅವರಿಗೆ. ಆದರೆ ನಮ್ಮೂರಲ್ಲಿ ಮದುವೆ ಬರುವುದು ಅಪ್ಪನ ಪರಿಚಯದಿಂದ, ಪುರೋಹಿತರ ಮಾತಿನಿಂದ, ಅಡುಗೆ ಭಟ್ಟರ ಕೈರುಚಿಯಿಂದ. ಬೋರ್ಡಿನ ಹೆಸರು ನೋಡಿ ಯಾರೂ ಬರಲ್ಲ ಅಲ್ವಾ? ಮೂರು ಮೀಟಿಂಗ್ ಇದೊಂದಕ್ಕೇ ಹೋಯಿತು. ಹಾಲ್ ಮತ್ತು ಮದುವೆ ಊಟಕ್ಕೆ ಅರ್ಧ ಫೀ ಅಂತ ಒಪ್ಪಿದರು. ಫ್ರಾಂಚೈಸಿಯಲ್ಲಿ ಸಾಮಾನ್ಯವಾಗಿ ರೂಮಿನ ಆದಾಯಕ್ಕಷ್ಟೇ ರಾಯಲ್ಟಿ, ಅಂದರೆ ಹೆಸರು ಬಳಸಿದ್ದಕ್ಕೆ ಕೊಡುವ ದುಡ್ಡು. ಮದುವೆ ಜಾಸ್ತಿ ಇರುವ ಊರಿನ ಮಾಲೀಕರು ಈ ವ್ಯತ್ಯಾಸವನ್ನು ಮೊದಲ ದಿನವೇ ನೋಡಬೇಕು.

ರೂಮಿನ ಲೆಕ್ಕ ಹೀಗಿದೆ. ಆನ್‌ಲೈನ್ ಆ್ಯಪ್‌ನಲ್ಲಿ 4,000ಕ್ಕೆ ಒಂದು ರೂಮು ಹೋಯಿತು ಅನ್ನಿ. ಆ್ಯಪ್‌ನವರ ಕಮಿಷನ್ ನಮಗೆ 18%, ಅಂದರೆ 720. ಚೈನ್‌ಗೆ ಬೇಸ್ ಫೀ ಮತ್ತು ಬುಕಿಂಗ್ ಫೀ ಸೇರಿ 5%, 200. ಈ ಎರಡರ ಮೇಲೂ 18% ಜಿಎಸ್‌ಟಿ. ಮೊದಲು ಆ ಜಿಎಸ್‌ಟಿಯನ್ನು ನಮ್ಮ ತೆರಿಗೆಯಲ್ಲಿ ಕಳೆದುಕೊಳ್ಳಬಹುದಿತ್ತು. 2025ರ ಸೆಪ್ಟೆಂಬರ್ 22ರಿಂದ 7,500 ರೂಪಾಯಿವರೆಗಿನ ರೂಮಿಗೆ ತೆರಿಗೆ 12%ನಿಂದ 5%ಗೆ ಇಳಿಯಿತು, ಆದರೆ ಇನ್‌ಪುಟ್ ಕ್ರೆಡಿಟ್, ಅಂದರೆ ಹಾಗೆ ಕಳೆದುಕೊಳ್ಳುವ ಅವಕಾಶ, ಹೋಯಿತು. ಗಿರಾಕಿಗೆ ಒಳ್ಳೆಯದಾಯಿತು. ನಮಗೆ ಆ 4,000ದಲ್ಲಿ ಉಳಿಯುವುದು ಸುಮಾರು 2,914. ಕರೆಂಟು, ಲಾಂಡ್ರಿ, ಸಂಬಳ, ಸಾಲದ ಕಂತು ಎಲ್ಲ ಅದರಲ್ಲೇ. ಇದಲ್ಲದೆ ಲಾಭದ ಮೇಲೆ ಇನ್ಸೆಂಟಿವ್ ಫೀ ಬೇರೆ. ಹೊಸದಾಗಿ ಲೆಕ್ಕ ಹಾಕುವವರು ಚೈನ್ ಫೀ ಪಕ್ಕದಲ್ಲಿ ತೆರಿಗೆಯನ್ನೂ ಸೇರಿಸಿ ಬರೆದುಕೊಳ್ಳಿ.

ಹಾಗಂತ ಅವರಿಂದ ಏನೂ ಬರಲಿಲ್ಲ ಅಂದರೆ ಅನ್ಯಾಯ ಆಗುತ್ತದೆ. ಸೋಮವಾರದಿಂದ ಗುರುವಾರದವರೆಗೆ ಬರುವ ಕಂಪನಿ ಗಿರಾಕಿಗಳು ಪೂರ್ತಿ ಅವರು ತಂದವರು. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಸ್ಥಾನಗಳು ಯುನೆಸ್ಕೊ ಪಟ್ಟಿಗೆ ಸೇರಿದವು. ಆಮೇಲೆ ವಿದೇಶದವರಿಂದ ನಮಗೆ ಬರುವ ಬುಕಿಂಗ್‌ಗಳು ಅವರ ವ್ಯವಸ್ಥೆಯಿಂದಲೇ ಬಂದವು. ವಿದೇಶಿ ಗಿರಾಕಿ ಬಂದ 24 ಗಂಟೆಯೊಳಗೆ ಅವರ ವಿವರ ಸರ್ಕಾರಕ್ಕೆ ಕೊಡುವ ಸಿ-ಫಾರಂ ತುಂಬುವುದನ್ನು ನಮ್ಮ ಹುಡುಗರು ಅವರಿಂದಲೇ ಕಲಿತರು. ರೂಮಿನ ದರ ದಿನಾ ಬದಲಾಗುವುದನ್ನು ನೋಡಿ ಅಪ್ಪನಿಗೆ ಮೊದಲು ಸಮಾಧಾನ ಆಗಲಿಲ್ಲ. ಒಂದು ಶನಿವಾರ 3,200ರ ರೂಮು 5,600ಕ್ಕೆ ಹೋದ ಮೇಲೆ ಕೂತು ಪೂರ್ತಿ ಕೇಳಿ ತಿಳಿದುಕೊಂಡರು. ಆಷಾಢದಲ್ಲಿ ಹಾಲ್ ಖಾಲಿ ಇದ್ದಾಗ ಕಂಪನಿಗಳ ಟ್ರೈನಿಂಗ್ ಕ್ಯಾಂಪ್ ತಂದು ತುಂಬಿದ್ದೂ ಅವರೇ.

2027ರ ಡಿಸೆಂಬರ್‌ಗೆ ಐದು ವರ್ಷ ಮುಗಿಯುತ್ತದೆ. ಫ್ರಾಂಚೈಸಿಗೆ ಬದಲಾಯಿಸಿಕೊಳ್ಳುವುದು ಅಂತ ಮನಸ್ಸು ಮಾಡಿದ್ದೇನೆ. ಅದಕ್ಕೆ ಅವರು ಒಪ್ಪುವ ಜನರಲ್ ಮ್ಯಾನೇಜರ್ ನಮ್ಮ ಕಡೆಯಿಂದ ಇರಬೇಕು. ಫ್ರಂಟ್ ಆಫೀಸ್‌ನಲ್ಲಿ ಸೇರಿದ್ದ ಅರಸೀಕೆರೆಯ ಒಬ್ಬ ಹುಡುಗಿ ಈಗ ಡ್ಯೂಟಿ ಮ್ಯಾನೇಜರ್. ಹೋದ ತಿಂಗಳಿಂದ ಅವಳನ್ನು ಒಂದೊಂದು ವಿಭಾಗಕ್ಕೂ ಹಾಕುತ್ತಿದ್ದೇನೆ. ಈ ವಾರ ಅಡುಗೆಮನೆಯ ಸ್ಟೋರ್. ಬೆಳಿಗ್ಗೆ ಐದಕ್ಕೆ ತರಕಾರಿ ಗಾಡಿ ಬಂದಾಗ ತೂಕ ನೋಡುವುದು ಅವಳ ಕೆಲಸ. ಅಪ್ಪ ಅವಳ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ.