ಮನಶ್ಶಾಸ್ತ್ರದ ಪುಸ್ತಕವನ್ನು ಯಹೂದಿ ಜರಡಿಯಲ್ಲಿ ಹಿಡಿಯುವುದು ಹೇಗೆ

‘ಈ ಪುಸ್ತಕ ಓದಬಹುದೇ?’ ಎಂದು ಇಡೀ ಮನಶ್ಶಾಸ್ತ್ರದ ಪುಸ್ತಕ ಮುಂದಿಟ್ಟು ರಬ್ಬಿಯನ್ನು (ಯಹೂದಿ ಧರ್ಮಗುರು) ಕೇಳಿದರೆ ಸ್ಪಷ್ಟ ಉತ್ತರ ಸಿಗುವುದು ಕಷ್ಟ. ಅಧ್ಯಾಯ ಅಧ್ಯಾಯವಾಗಿ ಬಿಡಿಸಿ ಕೇಳಿ. ಅನ್ಯ ಜನಾಂಗಗಳಲ್ಲಿ ಜ್ಞಾನವಿದೆ ಎಂದರೆ ನಂಬು, ತೋರಾ (ಯಹೂದಿಗಳ ಧರ್ಮಬೋಧೆ) ಇದೆ ಎಂದರೆ ನಂಬಬೇಡ ಎನ್ನುತ್ತದೆ ಎಖಾ ರಬ್ಬಾ ಎಂಬ ಮಿದ್ರಾಶ್, ಅಂದರೆ ಪ್ರಾಚೀನ ಧರ್ಮಗ್ರಂಥ ವ್ಯಾಖ್ಯಾನ. ಜರಡಿ ಹಿಡಿಯಬೇಕಾದದ್ದು ಇಲ್ಲೇ. ನೆನಪು, ನಿದ್ದೆ, ಆತಂಕ ಹೇಗೆ ಕೆಲಸ ಮಾಡುತ್ತವೆ ಎನ್ನುವ ಪುಟ ಜ್ಞಾನದ ಪಾಲಿಗೆ. ಆತ್ಮವಿಲ್ಲ, ಪಾಪವೆಂಬುದು ಬರೀ ಮನೋರೋಗ ಎನ್ನುವ ಪುಟ ತೋರಾದ ಗಡಿಯೊಳಗೆ ಕಾಲಿಟ್ಟಂತೆ. 1927ರಲ್ಲಿ ಧರ್ಮವನ್ನು ಭ್ರಮೆ ಎಂದ ಮನೋವಿಶ್ಲೇಷಣೆಯ ಜನಕ ಫ್ರಾಯ್ಡ್ ಈ ಎರಡನೆಯ ಸಾಲಿನವರು.

ಗಡಿ ಗುರುತಿಸಬೇಕಾದರೆ ಮೊದಲು ಮನೆಯ ಮಾತು, ಅಂದರೆ ಯಹೂದಿ ಪರಂಪರೆಯ ಮಾತು, ಗೊತ್ತಿರಬೇಕು. ಮಧ್ಯಯುಗದ ಯಹೂದಿ ಚಿಂತಕ ಮೈಮೊನಿಡೀಸರ ‘ಎಂಟು ಅಧ್ಯಾಯಗಳು’ ಸಾಕಷ್ಟು ಚಿಕ್ಕದು. ಆತ್ಮ ಒಂದೇ, ಅದರ ಶಕ್ತಿಗಳು ಐದು ಎಂದು ಶುರುವಾಗುತ್ತದೆ: ಪೋಷಣೆ, ಸಂವೇದನೆ, ಕಲ್ಪನೆ, ಇಚ್ಛೆ, ವಿವೇಕ. ತಾನು ತತ್ವಜ್ಞಾನಿಗಳಿಂದಲೂ ತೆಗೆದುಕೊಂಡಿದ್ದೇನೆ, ಸತ್ಯವನ್ನು ಯಾರು ಹೇಳಿದರೂ ಒಪ್ಪಬೇಕು ಎಂದು ಅವರೇ ಪೀಠಿಕೆಯಲ್ಲಿ ಬರೆದಿದ್ದಾರೆ. ಪೋಲೆಂಡಿನ ಕ್ರಾಕೋವಿನ ರಬ್ಬಿ ರೆಮಾ ಅನ್ಯ ವಿದ್ಯೆಗಳನ್ನು ಆಗೊಮ್ಮೆ ಈಗೊಮ್ಮೆ ಓದಲು ಬಿಟ್ಟರು, ಆದರೆ ‘ಮಾಂಸ, ದ್ರಾಕ್ಷಾರಸ’ದಿಂದ, ಅಂದರೆ ಧರ್ಮಶಾಸ್ತ್ರದಿಂದ, ಹೊಟ್ಟೆ ತುಂಬಿದ ಮೇಲೆ, ನಾಸ್ತಿಕ ಗ್ರಂಥಗಳಿಗೆ ಆ ರಿಯಾಯಿತಿ ಇಲ್ಲ.

‘25 ವರ್ಷ ತುಂಬುವವರೆಗೆ ಓದಬಾರದು’ ಎಂದು ಕೆಲವರು ಹೇಳುವುದುಂಟು. ಅದು 1305ರಲ್ಲಿ ಬಾರ್ಸಿಲೋನಾದ ರಬ್ಬಿಗಳು ಹೊರಡಿಸಿದ ನಿಷೇಧದ ಮಾತು: ಗ್ರೀಕ್ ತತ್ವಶಾಸ್ತ್ರದ ಮೇಲೆ, 50 ವರ್ಷದ ಅವಧಿಗೆ; ವೈದ್ಯಶಾಸ್ತ್ರವನ್ನು ಆಗಲೂ ಹೊರಗಿಟ್ಟಿದ್ದರು. ಇಂದಿಗೆ ಅದನ್ನು ಕಾಯಂ ಕಾನೂನು ಮಾಡಬೇಡಿ.

ಉದ್ದೇಶ ಏನೆಂದೂ ನೋಡಿಕೊಳ್ಳಿ. ಹಸಿದಿ ಪಂಥದ ಗ್ರಂಥ ತನ್ಯಾದ 8ನೇ ಅಧ್ಯಾಯ ಜೀವನೋಪಾಯಕ್ಕೋ ದೇವರ ಸೇವೆಗೋ ಬಳಸುವವರಿಗೆ ಮಾತ್ರ ಅನ್ಯ ವಿದ್ಯೆ ಬಿಡುತ್ತದೆ. ಆಪ್ತಸಮಾಲೋಚಕರಾಗಲು ಓದುವವರಿಗೆ ದಾರಿಯಿದೆ, ಹೊತ್ತು ಕಳೆಯುವವರಿಗಿಲ್ಲ. ಸಬ್ಬತ್ ದಿನ (ವಾರದ ವಿಶ್ರಾಂತಿ ದಿನ) ಇಂಥ ಓದಿನ ಬಗ್ಗೆ ಯಹೂದಿ ಕಾನೂನು ಸಂಹಿತೆ ಶುಲ್ಹಾನ್ ಆರುಖ್‌ನಲ್ಲೇ ಎರಡು ಮತಗಳಿವೆ. ವಾರದ ದಿನಕ್ಕೆ ಇಟ್ಟುಕೊಂಡರೆ ತಕರಾರೇ ಇಲ್ಲ.

ಹೊರಗಿನದನ್ನು ತೆಗೆದುಕೊಳ್ಳುವುದು ಹೇಗೆ ಎಂಬುದಕ್ಕೆ ಯಹೂದಿ ಲೇಖಕ ಮೆಂಡೆಲ್ ಲೆಫಿನ್ 1808ರಲ್ಲಿ ಮಾಡಿದ ಕೆಲಸ ನೋಡಿ. ಮಾದರಿಯಾಗಿದ್ದದ್ದು ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್‌ ತಮ್ಮ ನಡತೆ ತಿದ್ದಿಕೊಳ್ಳಲು ಇಟ್ಟ ಚೌಕುಳಿ ಪುಟ: 13 ಗುಣಗಳಿಗೆ 13 ಸಾಲು, ವಾರಕ್ಕೆ 7 ಕಂಬ, ತಪ್ಪಿದಾಗಲೆಲ್ಲ ಒಂದು ಕಪ್ಪು ಚುಕ್ಕೆ. ವಾರಕ್ಕೊಂದು ಗುಣ, ವರ್ಷಕ್ಕೆ 4 ಸುತ್ತು. ಲೆಫಿನ್ ಈ ವಿಧಾನವನ್ನು ಹಾಗೇ ಎತ್ತಿಕೊಂಡರು. ವಿನಯದ ಸಾಲಿನಲ್ಲಿ ಫ್ರಾಂಕ್ಲಿನ್ ‘ಯೇಸು, ಸಾಕ್ರಟೀಸರನ್ನು ಅನುಸರಿಸು’ ಎಂದಿದ್ದರು. ಲೆಫಿನ್ ಅಲ್ಲಿ ಎಲ್ಲರಿಂದಲೂ ಕಲಿ, ನಿನ್ನ ಕೊರತೆ ತಿದ್ದಿಕೋ ಎಂದು ಬರೆದರು.